ನಂಜನಗೂಡಿನ ಹಳೆಯ ರೈಲು ಸೇತುವೆಯನ್ನು ನಡಿಗೆಗೂ ಸೈಕಲ್ಲಿಗೂ ಬಿಡಬಹುದೇ?

ನಂಜನಗೂಡು ನಿವಾಸಿ:
ದಳವಾಯಿಗಳ ಕಾಲದಲ್ಲಿ, 1735ರಲ್ಲಿ, ಕಪಿಲೆಗೆ ಅಡ್ಡಲಾಗಿ ಕಟ್ಟಿದ ನಮ್ಮೂರಿನ ಸೇತುವೆಯ ಮೇಲೆ ಒಂದು ಕಾಲಕ್ಕೆ ರಸ್ತೆಯೂ ಮೀಟರ್‌ಗೇಜ್ ಹಳಿಯೂ ಒಟ್ಟಿಗೇ ಇದ್ದವು. ಬ್ರಾಡ್‌ಗೇಜ್ ಬಂದ ಮೇಲೆ ರೈಲುಗಳು ಹೊಸ ಸೇತುವೆಗೆ ಹೋದವು. ಅಮೆರಿಕದ ಪಕೀಪ್ಸಿಯಲ್ಲಿ ಹಡ್ಸನ್ ನದಿಯ ರೈಲು ಸೇತುವೆ 1974ರಲ್ಲಿ ಬೆಂಕಿಗೆ ಸಿಕ್ಕು ಪಾಳುಬಿದ್ದಿತ್ತು. ಅದನ್ನು 2009ರಲ್ಲಿ ಪಾದಚಾರಿಗಳಿಗೂ ಸೈಕಲ್ ಸವಾರರಿಗೂ ತೆರೆದರು. ನಮ್ಮಲ್ಲಿಯೂ ಹಾಗೆ ಮಾಡಬಹುದೇ? ಇಷ್ಟು ಹಳೆಯ ಗಾರೆಯ ಕಟ್ಟಡ ಜನಸಂದಣಿಯನ್ನು ತಡೆದೀತೇ?

ಸೇತುವೆ ಎಂಜಿನಿಯರ್, ಮೈಸೂರು:
ರೈಲಿನ ಭಾರ ಹೊತ್ತ ಸೇತುವೆಗೆ ಜನರ ಭಾರ ಸಾಮಾನ್ಯವಾಗಿ ಹೆಚ್ಚಾಗುವುದಿಲ್ಲ. ಆದರೂ ಈಗಿನ ಸ್ಥಿತಿಯನ್ನು ಪರೀಕ್ಷಿಸದೆ ಹೆಜ್ಜೆ ಇಡಬಾರದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸಂಹಿತೆಯು ಸೇತುವೆಯ ಕಾಲುದಾರಿಗೆ ಚದರ ಮೀಟರಿಗೆ 400 ಕಿಲೋ ಭಾರವನ್ನು ಲೆಕ್ಕ ಹಿಡಿಯಲು ಹೇಳುತ್ತದೆ. ಯಾತ್ರಾಸ್ಥಳ ಮತ್ತು ಜಾತ್ರೆಯ ಊರುಗಳಲ್ಲಿ ಅದನ್ನು 500 ಕಿಲೋಗೆ ಏರಿಸುತ್ತದೆ. ದೊಡ್ಡ ಜಾತ್ರೆ ನಡೆಯುವ ನಂಜನಗೂಡಿಗೆ ಎರಡನೆಯ ಲೆಕ್ಕವೇ ಸರಿ.

ಹಡ್ಸನ್ ಸೇತುವೆಯ ಮಾದರಿ ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಅದು ಉಕ್ಕಿನದು, ಮೇಲೆ ಕಾಂಕ್ರೀಟ್ ಹಲಗೆಗಳನ್ನು ಹಾಸಿ ಹೊಸ ನೆಲವನ್ನೇ ಮಾಡಿದರು. ನಮ್ಮದು ಕಮಾನುಗಳ ಸೇತುವೆ. ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ನಿಲ್ಲುವುದರಿಂದ ಅದಕ್ಕೆ ಭಾರಕ್ಕಿಂತ ನೀರು ಮತ್ತು ಬೇರುಗಳ ಭಯವೇ ಹೆಚ್ಚು: ಮೇಲಿನಿಂದ ಇಂಗಿದ ಮಳೆನೀರು ಸುಣ್ಣವನ್ನು ಕರಗಿಸಿ ಒಯ್ಯುತ್ತದೆ, ಆ ಸಂದಿನಲ್ಲಿ ಅರಳಿಯ ಸಸಿ ಬೇರೂರಿ ಕಲ್ಲುಗಳನ್ನು ಅಗಲಿಸುತ್ತದೆ. ಇದನ್ನು ಸಿಮೆಂಟು ಬಳಿದು ಮುಚ್ಚುವುದು ಇನ್ನೂ ಕೆಡುಕು, ಏಕೆಂದರೆ ತೇವ ಒಳಗೇ ಉಳಿಯುತ್ತದೆ. ಸುಣ್ಣದ ಗಾರೆಯಿಂದಲೇ ದುರಸ್ತಿ ಆಗಬೇಕು. 2018 ಮತ್ತು 2019ರಂತಹ ಕಪಿಲೆಯ ಪ್ರವಾಹಗಳಲ್ಲಿ ಕಂಬಗಳ ಬುಡದ ಮಣ್ಣು ಕೊಚ್ಚಿಹೋಗುವ ಅಪಾಯವಿರುವುದರಿಂದ, ಬೇಸಿಗೆಯಲ್ಲಿ ನೀರು ತಗ್ಗಿದಾಗ ಅಡಿಪಾಯವನ್ನು ನೋಡಿಸಿರಿ. ದೀಪಾಲಂಕಾರಕ್ಕೆ ಮೊದಲು ಹಣ ಅಲ್ಲಿಗೆ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಸೈಕಲ್ ಸವಾರ, ಕುವೆಂಪುನಗರ:
ಸೇತುವೆಯೊಂದನ್ನೇ ಸರಿಪಡಿಸಿದರೆ ಸಾಲದು. ಪಕೀಪ್ಸಿಯಲ್ಲಿ ಎರಡೂ ದಡಗಳಲ್ಲಿ ಹಳೆಯ ರೈಲು ಮಾರ್ಗಗಳೇ ಸೈಕಲ್ ಹಾದಿಗಳಾಗಿ ಸೇತುವೆಗೆ ಬಂದು ಸೇರುತ್ತವೆ. ಮೈಸೂರಿನಲ್ಲಿ 2017ರಿಂದ ಬಾಡಿಗೆಗೆ ಸಿಗುವ ಟ್ರಿನ್ ಟ್ರಿನ್ ಸೈಕಲ್ಲುಗಳಿದ್ದರೂ ನಂಜನಗೂಡಿನ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಮಕ್ಕಳನ್ನು ಕರೆದೊಯ್ಯಲು ಧೈರ್ಯ ಬರುವುದಿಲ್ಲ. ನಂಜುಂಡೇಶ್ವರನ ಸನ್ನಿಧಿಗೆ ಮೈಸೂರಿನಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರಿಗೂ ಪ್ರತ್ಯೇಕ ಹಾದಿ ಬೇಕು.

ನಂಜನಗೂಡು ನಿವಾಸಿ:
ಇಬ್ಬರಿಗೂ ವಂದನೆಗಳು. ಹಾಗಾದರೆ ಅಡಿಪಾಯದ ತಪಾಸಣೆಯನ್ನೇ ಮೊದಲ ಬೇಡಿಕೆಯಾಗಿ ಬರೆದು ರೈಲ್ವೆಗೂ ನಗರಸಭೆಗೂ ಸಲ್ಲಿಸುತ್ತೇನೆ. ಎಂಜಿನಿಯರ್ ಅವರೇ, ಕರಡನ್ನು ಇಲ್ಲಿ ಹಾಕಿದರೆ ತಿದ್ದಿಕೊಡುವಿರಾ?