ಎರಡು ದಿನದ ಆಹಾರ ಮೇಳದ ಮಳಿಗೆಗೂ ಲೈಸೆನ್ಸ್ ಬೇಕಾ?

ತಟ್ಟೆಇಡ್ಲಿ_ತುಮಕೂರು:
ರಾಜ್ಯೋತ್ಸವಕ್ಕೆ ನಮ್ಮ ಬಡಾವಣೆ ಮೈದಾನದಲ್ಲಿ ಎರಡು ದಿನ ಆಹಾರ ಮೇಳ ಇದೆ. ನಾನೂ ನಮ್ಮ ಓರಗಿತ್ತಿಯೂ ತಟ್ಟೆ ಇಡ್ಲಿ, ಕಾಯಿ ಚಟ್ನಿ, ಗೋಬಿ ಮಂಚೂರಿ ಇಡೋಣ ಅಂತಿದ್ದೀವಿ. ಮೈದಾನಕ್ಕೆ ಪಾಲಿಕೆ ಅನುಮತಿ ಸಮಿತಿಯವರೇ ತಗೊಂಡಿದ್ದಾರೆ. ಅಷ್ಟು ಸಾಕಾ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ನಾವೇ ಬೇರೆ ಮಾಡಿಸಬೇಕಾ?

ಅರ್ಜಿಗುಮಾಸ್ತ:
ಸಾಕಾಗಲ್ಲ ಮೇಡಂ. ಪಾಲಿಕೆ ಕೊಟ್ಟಿರೋದು ಜಾಗಕ್ಕೆ. ಆಹಾರದ ನೋಂದಣಿ ಮಾರುವವರ ಹೆಸರಲ್ಲೇ ಇರಬೇಕು. ಆ ಪ್ರಾಧಿಕಾರದ 2011ರ ನಿಯಮಾವಳಿ ತಾತ್ಕಾಲಿಕ ಮಳಿಗೆಯವರನ್ನೂ ಸಣ್ಣ ವ್ಯಾಪಾರಿಗಳ ಸಾಲಿಗೆ ಸೇರಿಸಿದೆ. ವರ್ಷದ ವಹಿವಾಟು ಸಣ್ಣ ವ್ಯಾಪಾರಿಗಳ ಮಿತಿಯೊಳಗಿದ್ದರೆ ಲೈಸೆನ್ಸ್ ಬೇಡ, ನೋಂದಣಿ ಸಾಕು. 2011ರಲ್ಲಿ ಆ ನಿಯಮ ಬಂದಾಗ ಮಿತಿ 12 ಲಕ್ಷ, ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು.

ಫಾಸ್ಕೋಸ್ ಅನ್ನೋ ಎಫ್‌ಎಸ್‌ಎಸ್‌ಎಐನ ಆನ್‌ಲೈನ್ ಪೋರ್ಟಲ್‌ನಲ್ಲಿ ಫಾರಂ ಎ (ನೋಂದಣಿ ಅರ್ಜಿ) ತುಂಬಿ, ಫೋಟೋ ಮತ್ತು ಗುರುತಿನ ಚೀಟಿ ಹಾಕಿ. ಅರ್ಜಿ ಸಾಮಾನ್ಯವಾಗಿ ಸಿಕ್ಕಿಕೊಳ್ಳೋದು ವಿಳಾಸದಲ್ಲಿ: ಅರ್ಜಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು. ಸ್ಪಷ್ಟನೆ ಕೇಳಿದ್ದಕ್ಕೆ ಉತ್ತರ ಕೊಡದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತೆ, ದಿನಾ ಲಾಗಿನ್ ಆಗಿ ನೋಡಿ. ಅಧಿಕಾರಿಗಳು ಏಳು ದಿನದಲ್ಲಿ ನೋಂದಣಿ ಕೊಡಬೇಕು, ಇಲ್ಲವೇ ತಪಾಸಣೆಗೆ ನೋಟಿಸ್ ಕೊಡಬೇಕು. ತಪಾಸಣೆ ಬಂದರೆ ನೋಂದಣಿಗೆ 30 ದಿನದವರೆಗೆ ಹಿಡಿಯಬಹುದು. ಹಾಗಾಗಿ ಸೆಪ್ಟೆಂಬರ್ ಕೊನೆಯೊಳಗೇ ಹಾಕಿಬಿಡಿ. ಬಂದ 14 ಅಂಕಿಯ ನಂಬರಿನ ಪ್ರಮಾಣಪತ್ರ ಮಳಿಗೆಯಲ್ಲಿ ಕಾಣುವ ಹಾಗೆ ತೂಗುಹಾಕಿ.

ಭಟ್ಟರಒಲೆ_ಕೋಲಾರ:
ಕಾಗದ ಸರಿಯಿದ್ದೂ ಎಡವೋದು ಗೋಬಿಯಲ್ಲಿ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನೇ ನಿಷೇಧಿಸಿದೆ. ಕೆಂಪು ಬೇಕಾದರೆ ಬ್ಯಾಡಗಿ ಮೆಣಸಿನಕಾಯಿ ನೆನೆಸಿ ರುಬ್ಬಿ ಹಾಕಿ. ಅಂಗಡಿಯಿಂದ ತರುವ ರೆಡ್ ಚಿಲ್ಲಿ ಸಾಸ್‌ನ ಲೇಬಲ್ ಕೂಡ ಓದಿ, ಅದರಲ್ಲೂ ಬಣ್ಣ ಇರಬಹುದು.

ಅದಕ್ಕಿಂತ ನನಗೆ ಭಯ ಕಾಯಿ ಚಟ್ನಿಯದ್ದು. ತಟ್ಟೆ ಇಡ್ಲಿ ಹಬೆಯಿಂದ ನೇರ ತಟ್ಟೆಗೆ ಬರುತ್ತೆ, ಚಟ್ನಿ ಮಾತ್ರ ಬಿಸಿಲಲ್ಲಿ ಕೂತಿರುತ್ತೆ. ಕುದಿಸಿ ಆರಿಸಿದ ನೀರಲ್ಲಿ ರುಬ್ಬಿ, ಒಗ್ಗರಣೆ ತಣ್ಣಗಾದ ಮೇಲೆ ಬೆರೆಸಿ, ಎರಡೆರಡು ಲೀಟರ್ ಡಬ್ಬಿಗಳಲ್ಲಿ ತುಂಬಿ ಐಸ್ ಬಾಕ್ಸಲ್ಲಿಡಿ. ಹೊರಗೆ ಒಂದೇ ಡಬ್ಬಿ ಇರಲಿ. ಎರಡು ಗಂಟೆ ದಾಟಿದ್ದನ್ನು ಚೆಲ್ಲಿ. ಮಿಕ್ಕಿದ್ದನ್ನು ಹೊಸದಕ್ಕೆ ಸುರಿದರೆ ಹೊಸದೂ ಹುಳಿಯುತ್ತೆ, ದಯವಿಟ್ಟು ಹಾಗೆ ಮಾಡಬೇಡಿ.

ತಟ್ಟೆಇಡ್ಲಿ_ತುಮಕೂರು:
ತುಂಬಾ ಥ್ಯಾಂಕ್ಸ್. ಮನೆಯ ಗ್ಯಾಸ್ ಸಿಲಿಂಡರ್ ತಗೊಂಡು ಹೋಗಬಹುದಾ?

ಭಟ್ಟರಒಲೆ_ಕೋಲಾರ:
ಬೇಡಮ್ಮ. 14.2 ಕೆಜಿಯದ್ದು ಮನೆ ಅಡುಗೆಗೆ ಮಾತ್ರ, ಮಾರೋ ಅಡುಗೆಗೆ ಬಳಸಿದರೆ ಜಪ್ತಿ ಮಾಡ್ತಾರೆ. 19 ಕೆಜಿಯ ವಾಣಿಜ್ಯ ಸಿಲಿಂಡರ್ ತರಿಸಿ, ಒಲೆಯಿಂದ ದೂರ, ನೆಟ್ಟಗೆ ನಿಲ್ಲಿಸಿ. ಥರ್ಮಾಕೋಲ್, ಪ್ಲಾಸ್ಟಿಕ್ ತಟ್ಟೆಗೂ ನಿಷೇಧ ಇದೆ, ಅಡಿಕೆ ಹಾಳೆಯದ್ದು ತನ್ನಿ.