ಅಪ್‌ಡೇಟ್: ತಂಗಿಯ ಹೆರಿಗೆ ರಜೆ ಸಂಬಳದ ವಿಷ್ಯ
ಕುಮಟಾದಲ್ಲಿ ಖಾಸಗಿ ಆಫೀಸಲ್ಲಿರೋ ನನ್ ತಂಗಿಗೆ "ನೀನು ಕಾಂಟ್ರಾಕ್ಟು, ಹೆರಿಗೆ ರಜೆಗೆ ಸಂಬಳ ಇಲ್ಲ" ಅಂದಿದಾರೆ, ಏನ್ ಮಾಡ್ಲಿ ಅಂತ ಕೇಳಿದ್ನಲ್ಲ, ಸಂಬಳ ಬಂತು! ಕಾರವಾರದಲ್ಲಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ವಿ, ಜೊತೆಗೆ ಹಾಜರಿ ಮತ್ತೆ ಸಂಬಳ ಬಿದ್ದ ಪಾಸ್‌ಬುಕ್ ಕಾಪಿ, ಯಾಕಂದ್ರೆ ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನ ಕೆಲ್ಸ ಮಾಡಿದ್ರೆ ಸಾಕು, ಪರ್ಮನೆಂಟ್ ಆಗಿರ್ಬೇಕು ಅಂತ ಇಲ್ವೇ ಇಲ್ಲ, ದಿನಗೂಲಿ ಹೆಂಗಸರಿಗೂ ಇದು ಸಿಗ್ಬೇಕು ಅಂತ ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ. ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ, ಹೆರಿಗೆ ರಜೆ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿಯಿಂದ. ಆ ರಜೇಲಿದ್ದಾಗ ಕೆಲ್ಸದಿಂದ ತೆಗೆಯೋದೂ ಕಾನೂನಿಗೆ ವಿರುದ್ಧ. ಇದೆಲ್ಲ ಗೊತ್ತಿಲ್ದೆ ನಮ್ ಕಡೆ ಎಷ್ಟ್ ಹುಡ್ಗೀರು ರಾಜೀನಾಮೆ ಬರ್ದುಕೊಟ್ಟು ಮನೇಲಿ ಕೂತಿದಾರೋ, ನೆನೆಸ್ಕೊಂಡ್ರೆ ಸಂಕಟ ಆಗತ್ತೆ. ತಂಗಿ ಮುಂದಿನ ತಿಂಗ್ಳು ಡ್ಯೂಟಿಗೆ ವಾಪಸ್ ಹೋಗ್ತಾಳೆ.