ಬಾವಿಯೊಳಗೆ ಪೆಟ್ರೋಲ್ ಪಂಪ್ ಇಳಿಸಬಹುದೇ?

ತೋಟದವ, ಎಣ್ಮಕಜೆ:
ಮಳೆಗೆ ಮೊದಲು ಬಾವಿಯ ಕೆಸರು ತೆಗೆಸಬೇಕು. ಆಳ 42 ಅಡಿ, ನೀರು 35 ಅಡಿಯಲ್ಲಿ. ಕಟ್ಟೆಯ ಬಳಿ ಇಟ್ಟ ಪೆಟ್ರೋಲ್ ಪಂಪ್ ನೀರೆಳೆಯುತ್ತಿಲ್ಲ. 20 ಅಡಿಯಲ್ಲಿ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆಯ) ಮೆಟ್ಟು ಇದೆ. ಪಂಪನ್ನು ಅಲ್ಲಿಗೆ ಇಳಿಸಿ, ಸೈಲೆನ್ಸರಿಗೆ ಪೈಪ್ ಸಿಕ್ಕಿಸಿ ಹೊಗೆ ಮೇಲೆ ಬಿಟ್ಟರೆ ಸಾಕೇ? ಮೊದಲು ದೀಪ ಇಳಿಸಿ ಗಾಳಿ ನೋಡುತ್ತೇವೆ.

ಪಂಪ್ ಕೆಲಸ, ಬದಿಯಡ್ಕ:
ದಯವಿಟ್ಟು ಇಳಿಸಬೇಡಿ. ಪಂಪ್ ಕೆಟ್ಟಿಲ್ಲ. ಮೇಲಿಂದ ಹೀರುವ ಪಂಪ್ ಯಾವುದೇ ಆಗಲಿ, 22–25 ಅಡಿಗಿಂತ ಕೆಳಗಿನ ನೀರನ್ನು ಎತ್ತುವುದು ಕಷ್ಟ. ಅದಕ್ಕೇ ಜನ ಇಂಜಿನನ್ನು ಕೆಳಗಿಳಿಸುವುದು, ಅಲ್ಲೇ ಜೀವ ಹೋಗುವುದು.

ಪೆಟ್ರೋಲ್ ಇಂಜಿನಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ತುಂಬ ಇರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಷ್ಟೇ ತೂಕವಾದ್ದರಿಂದ ತಾನಾಗಿ ಮೇಲೇರಿ ಹೋಗುವುದಿಲ್ಲ, ಬಾವಿಯ ಗಾಳಿಯಲ್ಲೇ ಬೆರೆತು ನಿಲ್ಲುತ್ತದೆ. ರಕ್ತದ ಹಿಮೋಗ್ಲೋಬಿನ್ ಇದನ್ನು ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಹಿಡಿದುಕೊಳ್ಳುತ್ತದೆ. ಸೈಲೆನ್ಸರಿನ ಪೈಪು ಬಿಸಿಗೆ ಸಡಿಲವಾಗಿ ಸಂದಿನಲ್ಲಿ ಸೋರುತ್ತದೆ, ಅದನ್ನು ನಂಬಬೇಡಿ.

ದೀಪದ ಪರೀಕ್ಷೆ ಇಲ್ಲಿ ಮೋಸ ಮಾಡುತ್ತದೆ. ಆಮ್ಲಜನಕ ಸುಮಾರು 16 ಶೇಕಡಾಕ್ಕೆ ಇಳಿದಾಗ ದೀಪ ಆರುತ್ತದೆ. ಕಾರ್ಬನ್ ಮೊನಾಕ್ಸೈಡ್ 0.12 ಶೇಕಡಾ, ಅಂದರೆ 1,200 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ 1,200 ಪಾಲು) ಇದ್ದರೇ ಜೀವಕ್ಕೆ ಅಪಾಯ, ಆಗಲೂ ದೀಪ ಚೆನ್ನಾಗಿಯೇ ಉರಿಯುತ್ತಿರುತ್ತದೆ. ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡ ಕೊರೆಯುವ ಸುರಂಗದ ಕೆಲಸಕ್ಕೂ ಇದೇ ಮಾತು.

ವಯರಿಂಗ್ ಕೆಲಸ, ಮಂಜೇಶ್ವರ:
ನೀರಿನೊಳಗೇ ಮುಳುಗಿಸಿ ಓಡಿಸುವ ಕರೆಂಟಿನ ಕೆಸರು ಪಂಪ್ ಬಾಡಿಗೆಗೆ ತನ್ನಿ. ಮನೆಯ ಕರೆಂಟ್ ಎಟುಕುವುದಾದರೆ ಜನರೇಟರ್ ಬೇಕಾಗಿಯೇ ಇಲ್ಲ. ಬೇಕಾದರೆ 1 ಎಚ್‌ಪಿ ಪಂಪಿಗೆ 3 ಕೆವಿಎ ಸಾಮರ್ಥ್ಯದ ಜನರೇಟರ್ ಹಿಡಿಯಿರಿ, ಸ್ಟಾರ್ಟ್ ಆಗುವಾಗ ಕರೆಂಟ್ ಹಲವು ಪಟ್ಟು ಎಳೆಯುತ್ತದೆ. ಜನರೇಟರ್ ಬಾವಿಯಿಂದ ಕನಿಷ್ಠ 20 ಅಡಿ ದೂರ, ಗಾಳಿ ಬಾವಿಯ ಕಡೆಯಿಂದ ಅದರತ್ತ ಬೀಸುವ ಜಾಗದಲ್ಲಿರಲಿ. ಜಗಲಿಯಲ್ಲೋ ಶೆಡ್ಡಿನಲ್ಲೋ ಬೇಡ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಹಾಕುವ ಸ್ವಿಚ್) ಹಾಕಿ. ಪಂಪ್ ಓಡುವಾಗ ನೀರಿನಲ್ಲಿ ಯಾರೂ ಇರಬಾರದು.

ತೋಟದವ, ಎಣ್ಮಕಜೆ:
ನಿನ್ನೆ ಕಟ್ಟೆಯ ಪಕ್ಕದಲ್ಲೇ ಅರ್ಧ ಗಂಟೆ ಓಡಿಸಿದ್ದೆವು. ಇವತ್ತು ಆಳು ಇಳಿಯಬಹುದೇ?

ಪಂಪ್ ಕೆಲಸ, ಬದಿಯಡ್ಕ:
ಹೊಗೆ ಬಾವಿಗೆ ಇಳಿದಿರಬಹುದು. ಇಂಜಿನ್ ನಿಂತು ಗಂಟೆಗಟ್ಟಲೆ ಕಳೆದರೂ ಅಲ್ಲೇ ಉಳಿಯುತ್ತದೆ. ಗಾಳಿ ಊದುವ ಬ್ಲೋವರನ್ನು ಮೇಲೆ ಇಟ್ಟು ಅದರ ಪೈಪನ್ನು ತಳದವರೆಗೆ ಬಿಡಿ, ಕೆಲಸ ಮುಗಿಯುವ ತನಕ ನಿಲ್ಲಿಸಬೇಡಿ. ಗ್ಯಾಸ್ ಮೀಟರನ್ನು ಹಗ್ಗದಲ್ಲಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ನೋಡಿ: ಆಮ್ಲಜನಕ 19.5 ಶೇಕಡಾಕ್ಕಿಂತ ಕಡಿಮೆ, ಅಥವಾ ಕಾರ್ಬನ್ ಮೊನಾಕ್ಸೈಡ್ 35 ಪಿಪಿಎಂಗಿಂತ ಹೆಚ್ಚು ಇದ್ದರೆ ಇಳಿಯಲೇಬಾರದು. ಇಳಿಯುವವರಿಗೆ ಸೊಂಟ-ಭುಜದ ಬೆಲ್ಟ್, ಮೇಲೆ ಹಗ್ಗ ಹಿಡಿದ ಇಬ್ಬರು.

ಆಸ್ಪತ್ರೆ ನರ್ಸ್, ಕಾಸರಗೋಡು:
ತಲೆನೋವು, ತಲೆಸುತ್ತು, ವಾಕರಿಕೆ ಅಂದ ಕೂಡಲೇ ಮೇಲೆ ಎಳೆಯಿರಿ. ಇಳಿದವರು ಒಳಗೇ ಕುಸಿದು ಬಿದ್ದರೆ ಯಾರೂ ಹಿಂದೆಯೇ ಇಳಿಯಬೇಡಿ, ಎರಡನೆಯವರೂ ಅಲ್ಲೇ ಬೀಳುತ್ತಾರೆ. 101ಕ್ಕೆ ಫೋನ್ ಮಾಡಿ ಅಗ್ನಿಶಾಮಕದವರನ್ನು ಕರೆಸಿ, ಆಂಬುಲೆನ್ಸಿಗೆ 108. ಬೆರಳಿಗೆ ಹಾಕುವ ಆಕ್ಸಿಮೀಟರ್ 98 ತೋರಿಸಿದರೂ ನಂಬಬೇಡಿ, ಅದು ಈ ವಿಷವನ್ನು ಆಮ್ಲಜನಕವೆಂದೇ ಎಣಿಸುತ್ತದೆ. ಆಸ್ಪತ್ರೆಯಲ್ಲಿ "ಇಂಜಿನ್ ಹೊಗೆ ಕುಡಿದಿದ್ದಾರೆ" ಅಂತ ಮೊದಲೇ ಹೇಳಿ, ರಕ್ತ ಪರೀಕ್ಷೆ ಮಾಡಿ ಪೂರ್ತಿ ಆಕ್ಸಿಜನ್ ಕೊಡುತ್ತಾರೆ.